ಸಣ್ಣ ಬಟ್ಟಲಿನ ಹಳದಿ ಹಾಲು

ಮಗುವನ್ನು ಮೊದಲು ನೋಡಿದಾಗ ಏನನ್ನಿಸಿತು ಎಂದು ಎಲ್ಲರೂ ಕೇಳುತ್ತಾರೆ. ಏನೂ ಅನ್ನಿಸಲಿಲ್ಲ. ಕಣ್ಣು ತುಂಬಿ ಬಂತು, ಹಾಗಾಯಿತು, ಹೀಗಾಯಿತು ಎಂದು ಬಹಳ ದಿನ ಸುಳ್ಳು ಹೇಳಿದೆ. ಈಗ ಹೇಳಿ ಹೇಳಿ ಸಾಕಾಗಿದೆ. ಮೂಡುಬಿದಿರೆಯ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಮೇಲೆ, ಹಸಿರು ಬಟ್ಟೆಯಲ್ಲಿ ಸುತ್ತಿದ ಒಂದು ಕೆಂಪು ಮುಖವನ್ನು ನನ್ನ ಕೆನ್ನೆಯ ಹತ್ತಿರ ತಂದು "ಹೆಣ್ಣು ಮಗು ಅಕ್ಕಾ" ಎಂದರು. ನಾನು "ಆಯ್ತು" ಎಂದೆ. ಬಸ್ಸು ಹೋಯಿತು ಎಂದರೂ ಅಷ್ಟೇ ಹೇಳುತ್ತಿದ್ದೆನೇನೋ.

ದಿನ ತುಂಬುವ ಮೊದಲೇ ಹುಟ್ಟಿದ ಮಗು. ರಕ್ತದಲ್ಲಿ ಸಕ್ಕರೆ ಕಡಿಮೆ ಉಂಟು ಎಂದು ಮೇಲಿನ ಮಹಡಿಯ ನರ್ಸರಿಗೆ ಒಯ್ದರು. ನಾನು ಕೆಳಗಿನ ವಾರ್ಡಿನಲ್ಲಿ ಉಳಿದೆ. ಸೊಂಟದ ಕೆಳಗಿನ ಮರಗಟ್ಟುವಿಕೆ ಸಂಜೆಯೊಳಗೆ ಬಿಟ್ಟಿತು. ಮೇಲಿನದ್ದು ಬಿಡಲಿಲ್ಲ.

ಮುಂಡಾಜೆಯ ನನ್ನ ತವರಿನಲ್ಲಿ ಅಮ್ಮ ಇಲ್ಲ, ಹೋಗಿ ಆರು ವರ್ಷವಾಯಿತು. ಹಾಗಾಗಿ ಚೊಚ್ಚಲ ಹೆರಿಗೆಯಾದರೂ ನೋಡಿಕೊಳ್ಳಲು ಬಂದವರು ಅತ್ತೆ. ಬಂಟ್ವಾಳದ ಹತ್ತಿರ ನರಿಕೊಂಬಿನಲ್ಲಿ ನಮ್ಮ ಮನೆ. ಅತ್ತೆ ಬೆಳಿಗ್ಗೆ ಗಂಜಿ ಮಾಡಿ, ಬುತ್ತಿಗೆ ತುಂಬಿಸಿ, ಸಿದ್ಧಕಟ್ಟೆ ದಾರಿಯ ಬಸ್ಸು ಹಿಡಿದು ಮಧ್ಯಾಹ್ನದ ಹೊತ್ತಿಗೆ ತಲುಪುತ್ತಿದ್ದರು. ಕತ್ತಲಾದ ಮೇಲೆ ಅವರು ಉಣ್ಣುವುದಿಲ್ಲ, ನಾವು ಜೈನರು. ಆದ್ದರಿಂದ ಹೊತ್ತು ಮುಳುಗುವ ಮೊದಲೇ ಮನೆ ಸೇರಬೇಕು. ಪಕ್ಕದ ಮಂಚದ ಬಾಣಂತಿಯ ತಾಯಿ "ಬೆಳ್ಳುಳ್ಳಿ ಹಾಕಿ ಕೊಡಿ ಅಮ್ಮ, ಹಾಲು ಇಳೀತದೆ" ಎಂದರೆ ಅತ್ತೆ ನಗುನಗುತ್ತಲೇ "ನಮಗೆ ಮೆಂತ್ಯ ಸಾಕು" ಎನ್ನುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ಬೆಳ್ಳುಳ್ಳಿ ತಿನ್ನದೆಯೇ ನಮ್ಮ ಊರಿನಲ್ಲಿ ಎಷ್ಟು ಜನ ಹುಟ್ಟಿ ಬೆಳೆದಿಲ್ಲ ಎಂದು ಗೊಣಗುತ್ತಿದ್ದರು. ನನಗೆ ಮೆಂತ್ಯವಾದರೇನು, ಬೆಳ್ಳುಳ್ಳಿಯಾದರೇನು. ಬಾಯಿ ತೆರೆ ಎಂದರೆ ತೆರೆಯುತ್ತಿದ್ದೆ.

ಅತ್ತೆಯದ್ದು ಇನ್ನೊಂದು ಕ್ರಮ ಇತ್ತು. ಉಂಡ ತಟ್ಟೆಗೆ ಸ್ವಲ್ಪ ನೀರು ಹಾಕಿ, ಬೆರಳಿನಿಂದ ಸುತ್ತ ಒರೆಸಿ, ಆ ನೀರನ್ನೂ ಕುಡಿಯಬೇಕು. ಅಗುಳು ಉಳಿದರೆ ಇರುವೆ ಬರುತ್ತದೆ, ತೊಳೆಯುವಾಗ ಸಾಯುತ್ತದೆ, ಪಾಪ ಯಾರಿಗೆ? ಎಲ್ಲ ಜೈನರ ಮನೆಯಲ್ಲೂ ಇಷ್ಟು ಕಟ್ಟುನಿಟ್ಟು ಇಲ್ಲ. ಮದುವೆಯಾದ ಹೊಸದರಲ್ಲಿ ನನಗೆ ವಾಕರಿಕೆ ಬರುತ್ತಿತ್ತು, ಆಮೇಲೆ ಅಭ್ಯಾಸವಾಯಿತು. ಆಸ್ಪತ್ರೆಯಲ್ಲಿ ನನಗೆ ಎದ್ದು ಕೂರಲು ಕಷ್ಟವಾಗುತ್ತಿದ್ದ ಕಾರಣ ಗಂಜಿ ಮುಗಿದ ಮೇಲೆ ಅವರೇ ಪಾತ್ರೆಗೆ ಬಿಸಿನೀರು ಹಾಕಿ ಅಲ್ಲಾಡಿಸಿ ನನ್ನ ಬಾಯಿಗೆ ಹಿಡಿಯುತ್ತಿದ್ದರು.

ಮೂರನೆಯ ದಿನ ಬೆಳಿಗ್ಗೆ ಸಿಸ್ಟರ್ ಒಂದು ಸಣ್ಣ ಸ್ಟೀಲ್ ಬಟ್ಟಲು ತಂದರು.

"ಮಗುವಿಗೆ ಚೀಪಲಿಕ್ಕೆ ಇನ್ನೂ ಶಕ್ತಿ ಇಲ್ಲ ಅಕ್ಕಾ. ನೀವು ಹಿಂಡಿ ಕೊಡಿ, ನಾವು ಮೂತಿ ಇರುವ ಒಳಲೆಯಲ್ಲಿ ಕುಡಿಸ್ತೇವೆ. ಮೂರು ಗಂಟೆಗೆ ಡಾಕ್ಟ್ರು ಬಂದು ಬಾಯಿಗೆ ಹಾಲು ಶುರು ಮಾಡ್ತಾರೆ. ಅಷ್ಟರಲ್ಲಿ ನಿಮ್ಮದು ಸ್ವಲ್ಪವಾದರೂ ಇದ್ರೆ ಅದನ್ನೇ ಮೊದಲು ಕೊಡುವ. ಇಲ್ಲದಿದ್ರೆ ಪುಡಿ ಹಾಲು."

"ನನಗೆ ಹಾಲೇ ಇಲ್ಲ" ಎಂದೆ.

"ಎಂಥ ಇಲ್ಲ? ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ? ಮಗು ಬಂದಾಯ್ತು, ಹಾಲೂ ಬರ್ತದೆ. ಹಿಂಡಿ!"

ಅವರೇ ತೋರಿಸಿಕೊಟ್ಟರು. ಕೈ ತೊಳೆಯಬೇಕು, ಬಿಸಿ ಬಟ್ಟೆ ಇಡಬೇಕು. ತೊಟ್ಟನ್ನು ಎಳೆಯಬಾರದು. ಅದರಿಂದ ಸ್ವಲ್ಪ ಹಿಂದೆ ಹೆಬ್ಬೆರಳು ಮತ್ತು ತೋರುಬೆರಳು ಇಟ್ಟು, ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಹಿಸುಕಿ, ಬಿಡಬೇಕು. ಒತ್ತು, ಹಿಸುಕು, ಬಿಡು. ಎಷ್ಟೋ ಹೊತ್ತು ಏನೂ ಬರಲಿಲ್ಲ. ಆಮೇಲೆ ತೊಟ್ಟಿನ ತುದಿಯಲ್ಲಿ ಒಂದು ಹಳದಿ ಚುಕ್ಕೆ ಕಾಣಿಸಿತು. ಬೀಳಲೂ ಇಲ್ಲ, ಅಲ್ಲೇ ಅಂಟಿಕೊಂಡು ನಿಂತಿತು. ಬಟ್ಟಲಿನ ಅಂಚಿಗೆ ಒರೆಸಿದೆ. ಯಾಕೆ ಮಾಡುತ್ತಿದ್ದೇನೆ ಎಂದು ಯೋಚಿಸಲಿಲ್ಲ, ಮಾಡು ಎಂದರು, ಮಾಡಿದೆ. ನಾನು ಕಲಿಸುವ ಶಾಲೆಯಲ್ಲಿ ಮಕ್ಕಳು ಮಗ್ಗಿ ಬರೆಯುವುದೂ ಹೀಗೆಯೇ. ಹನ್ನೊಂದೂವರೆಯ ಹೊತ್ತಿಗೆ ಬಟ್ಟಲಿನ ತಳ ಮುಚ್ಚುವಷ್ಟು, ಹೆಚ್ಚೆಂದರೆ ಒಂದು ಚಮಚ ಸೇರಿತ್ತು. ನೊಣ ಬೀಳಬಾರದಲ್ಲ, ಅತ್ತೆ ಹಿಂದಿನ ದಿನ ಬಿಟ್ಟುಹೋಗಿದ್ದ ತುಪ್ಪದ ಬಟ್ಟಲಿನ ಮುಚ್ಚಳ ಮುಚ್ಚಿ ಮೇಜಿನ ಮೇಲಿಟ್ಟೆ. ಆಮೇಲೆ ಕಣ್ಣು ಮುಚ್ಚಿ ಮಲಗಿದೆ.

ಅತ್ತೆ ಬಂದಾಗ ಹೇಳಬೇಕಿತ್ತು. ಹೇಳಲು ಉಮೇದು ಇರಲಿಲ್ಲ, ಅಷ್ಟೇ. ಅವರು ಬಸ್ಸಿನ ರಶ್ಶಿನ ಬಗ್ಗೆ, ನನ್ನ ಗಂಡನ ಅಂಗಿಗೆ ಇಸ್ತ್ರಿ ಹಾಕಿದ ಬಗ್ಗೆ ಮಾತಾಡುತ್ತಾ ಚಮಚ ಚಮಚವಾಗಿ ಗಂಜಿ ಕುಡಿಸಿದರು. ಮುಗಿದ ಮೇಲೆ ಫ್ಲಾಸ್ಕಿನಿಂದ ಗಂಜಿ ಪಾತ್ರೆಗೆ ನೀರು ಹಾಕಿ ಅಲ್ಲಾಡಿಸಿದರು. ಮೇಜಿನ ಮೇಲಿನ ಬಟ್ಟಲಿನ ಮುಚ್ಚಳ ತೆಗೆದು ನೋಡಿ, "ನಿನ್ನೆಯ ತುಪ್ಪ ಹಾಗೆಯೇ ಉಳಿಸಿದ್ದೀಯಲ್ಲ ಮಗಾ" ಎಂದು ಆ ನೀರನ್ನು ಅದಕ್ಕೇ ಸುರಿದರು. ಬೆರಳು ಹಾಕಿ ಸುತ್ತ ಒರೆಸಿದರು. ನನ್ನ ತಲೆಯನ್ನು ಸ್ವಲ್ಪ ಎತ್ತಿ ಬಟ್ಟಲನ್ನು ತುಟಿಗೆ ಹಿಡಿದರು.

ನಾನು ಕುಡಿದೆ.

ಎರಡು ಗುಟುಕು. ನುಂಗಿಯೂ ಆಗಿತ್ತು. ಬಟ್ಟಲು ಕೆಳಗಿಳಿದಾಗ ಅದರ ಹೊಳೆಯುವ ತಳ ಕಾಣಿಸಿತು, ಆಗ ತಿಳಿಯಿತು.

"ಅದು ನನ್ನ ಮಗುವಿನದ್ದು!"

ಅಷ್ಟು ದೊಡ್ಡ ಬೊಬ್ಬೆ ನನ್ನ ಗಂಟಲಿನಿಂದ ಬಂತೆಂದು ಈಗಲೂ ನಂಬಿಕೆಯಾಗುವುದಿಲ್ಲ. ಹೊಟ್ಟೆಯ ಹೊಲಿಗೆ ಚುರ್ ಎಂದಿತು. "ಕೇಳಿ ಮಾಡಬಾರದಾ? ಕಣ್ಣು ಕಾಣುವುದಿಲ್ಲವಾ? ಬೆಳಿಗ್ಗೆಯಿಂದ ಹಿಂಡಿ ಇಟ್ಟದ್ದು! ಮೂರು ಗಂಟೆಗೆ ಅದಕ್ಕೆ ಕೊಡಲಿಕ್ಕೆ! ನಿಮಗೆ ಇರುವೆಯ ಮೇಲೆ ಇರುವ ಕರುಣೆ..." ಮುಂದಿನದ್ದು ಬರೆಯುವುದಿಲ್ಲ. ಮದುವೆಯಾಗಿ ನಾಲ್ಕು ವರ್ಷದಲ್ಲಿ ಅತ್ತೆಗೆ ಎದುರು ಮಾತಾಡಿದವಳಲ್ಲ ನಾನು. ಸಿಟ್ಟು ಅವರ ಮೇಲೆ ಎಷ್ಟಿತ್ತೋ ನನ್ನ ಮೇಲೆ ಅದರ ಎರಡರಷ್ಟಿತ್ತು. ಏನು, ಎತ್ತ ಎಂದು ಕೇಳದೆ ಬಾಯಿ ತೆರೆದವಳು ನಾನೇ ತಾನೇ? ಥೂ ನನ್ನ ಜನ್ಮಕ್ಕೆ ಎಂದು ಹಣೆ ಚಚ್ಚಿಕೊಂಡೆ.

ಅತ್ತೆ ಬಟ್ಟಲು ಹಿಡಿದುಕೊಂಡು ನಿಂತೇ ಇದ್ದರು. ಮುಖದಲ್ಲಿ ರಕ್ತ ಇರಲಿಲ್ಲ. ಆಮೇಲೆ ಮಂಚದ ತುದಿಯಲ್ಲಿ ಕುಳಿತರು. ಈಗ ಅಳುತ್ತಾರೆ, ಇನ್ನು ಅವರನ್ನೂ ಸಮಾಧಾನ ಮಾಡಬೇಕು ಎಂದುಕೊಂಡೆ. ಅವರು ಅಳಲಿಲ್ಲ.

"ನನ್ನದು ಮೂರು ದಿನದ ಹಾಲು ಹಿಂಡಿಸಿ ಚೆಲ್ಲಿಸಿದ್ರು" ಎಂದರು. "ಹಳದಿ ಹಾಲು ಮಗುವಿಗೆ ಆಗುವುದಿಲ್ಲ ಅಂತ ನನ್ನ ಅತ್ತೆ. ಮಗು ಒಳಗೆ ಕೂಗ್ತಾ ಇತ್ತು. ನಾನು ಬಚ್ಚಲಿನಲ್ಲಿ ನಿಂತು ಹಿಂಡ್ತಾ ಇದ್ದೆ. ಒಂದು ಮಾತು ಆಡಲಿಲ್ಲ."

"ಯಾವ ಮಗು?"

"ನಿನ್ನ ಗಂಡನೇ. ಅವನಿಗೆ ಏನೂ ಆಗಲಿಲ್ಲ, ಆನೆಯ ಹಾಗೆ ಇದ್ದಾನೆ. ನನ್ನ ಮನಸ್ಸಿನಿಂದ ಮಾತ್ರ ಇನ್ನೂ ಹೋಗಿಲ್ಲ." ಖಾಲಿ ಬಟ್ಟಲನ್ನು ಮೇಜಿನ ಮೇಲಿಟ್ಟು, "ನೀನು ಬೈದದ್ದು ಒಳ್ಳೆಯದಾಯ್ತು ಮಗಾ" ಎಂದರು.

ಕ್ಷಮಿಸಿ ಎಂದು ನಾನೂ ಹೇಳಲಿಲ್ಲ, ಅವರೂ ಹೇಳಲಿಲ್ಲ. ಗಂಟೆ ಎರಡಾಗುತ್ತಿತ್ತು. ಅತ್ತೆ ಸಿಸ್ಟರನ್ನು ಹುಡುಕಿ ಕುದಿಸಿದ ಬೇರೆ ಬಟ್ಟಲು ತಂದರು. ಪರದೆ ಎಳೆದು, ನನ್ನ ಬೆನ್ನಿಗೆ ದಿಂಬು ಕೊಟ್ಟು, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಮುಖ ಗೋಡೆಯ ಕಡೆ ಮಾಡಿದರು. ನಾನು ಹಿಂಡಿದೆ. ಒತ್ತು, ಹಿಸುಕು, ಬಿಡು. ಈಗ ನೋವಾಗುತ್ತಿತ್ತು. ಬಾ ಮಾರಾಯ್ತಿ ಬಾ ಎಂದು ನನ್ನ ಎದೆಗೇ ಬೈಯುತ್ತಿದ್ದೆ. ಮೂರಕ್ಕೆ ಐದು ನಿಮಿಷ ಇರುವಾಗ ಅರ್ಧ ಚಮಚವೂ ಆಗಿರಲಿಲ್ಲ. ಸಿಸ್ಟರ್ ಬಗ್ಗಿ ನೋಡಿ, "ಸಾಕು, ಬನ್ನಿ, ಉಳಿದದ್ದು ಪುಡಿ ಹಾಲು ಕೊಡುವ" ಎಂದು ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಲಿಫ್ಟಿನಲ್ಲಿ ಮೇಲೆ ಕರೆದುಕೊಂಡು ಹೋದರು.

ನರ್ಸರಿಯಲ್ಲಿ ಅದು ದೀಪದ ಕೆಳಗೆ ಮಲಗಿತ್ತು. ಕೈಗೆ ಸೂಜಿ, ಅದು ಅಲ್ಲಾಡದ ಹಾಗೆ ರಟ್ಟು ಕಟ್ಟಿದ್ದರು. ಒಳಲೆಯ ಮೂತಿಯನ್ನು ತುಟಿಯ ಸಂದಿಗೆ ಇಟ್ಟರು. ಹಳದಿ ಹನಿ ಒಳಗೆ ಹೋಯಿತು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಅದರ ಗಂಟಲು ಆಡಿತು. ನಾಲಿಗೆ ಹೊರಗೆ ಬಂದು ಇನ್ನೂ ಉಂಟಾ ಎಂದು ಹುಡುಕಿತು.

ಸಂತೋಷವಾಯಿತು ಎಂದು ಬರೆದರೆ ಅದೂ ಸುಳ್ಳೇ. ಆದದ್ದು ಹೆದರಿಕೆ. ಅಷ್ಟು ಸಣ್ಣ ಗಂಟಲು, ಅದರಲ್ಲಿ ಹಾಲು ಸಿಕ್ಕಿಕೊಂಡರೆ? ಸಕ್ಕರೆ ಏರದಿದ್ದರೆ? ರಾತ್ರಿ ನಾನು ಕೆಳಗೆ ಮಲಗಿರುವಾಗ ಇಲ್ಲಿ ಏನಾದರೂ ಆಗಿಬಿಟ್ಟರೆ? ಮೂರು ದಿನ ಇಲ್ಲದ ಹೆದರಿಕೆ ಒಟ್ಟಿಗೇ ಬಂತು. "ಆಯ್ತು ಅಕ್ಕಾ, ಇನ್ನು ಹೋಗುವ" ಎಂದು ಸಿಸ್ಟರ್ ಕುರ್ಚಿ ತಿರುಗಿಸಲು ಬಂದರು. ನಾನು ಚಕ್ರವನ್ನು ಗಟ್ಟಿಯಾಗಿ ಹಿಡಿದು, ಬರುವುದಿಲ್ಲ ಎಂದೆ.