ಪೆನ್ಸಿಲ್ ಚುಕ್ಕೆಗಳು

ಸಂಶೋಧನಾಲಯದ ಇಲಿಮನೆಯಲ್ಲಿ ಅವನನ್ನು ಎಲ್ಲರೂ ಕರೆಯುವುದು ಗಡಿಯಾರ ಅಂತಲೇ. ಇಪ್ಪತ್ತೆರಡು ವರ್ಷದಿಂದ ಬೆಳಗ್ಗೆ ಆರಕ್ಕೆ ಒಳಹೊಕ್ಕು, ಯಾವ ಹೆಣ್ಣಿಲಿ ಗಂಡಿನೊಡನೆ ಕೂಡಿದೆ ಎಂದು ನೋಡಿ, ಗೂಡಿನ ಚೀಟಿಯಲ್ಲಿ ತಾರೀಕು ಬರೆಯುತ್ತ ಬಂದಿದ್ದಾನೆ. ಆ ಗೂಡುಗಳನ್ನು ಬೇರೆ ಯಾರಾದರೂ ಮುಟ್ಟಿದರೆ ಅವನಿಗೆ ಮೈಯೆಲ್ಲ ಉರಿಯುತ್ತದೆ.

ವಿಜ್ಞಾನಿ ಮೇಡಂಗೆ ಬೇಕಾದದ್ದು ಹದಿನೆಂಟನೆಯ ದಿನದ ಭ್ರೂಣ. ಮುಂದೆ ಹಾಲಿನ ಗ್ರಂಥಿ ಕಟ್ಟುವ ಸ್ಟೆಮ್ ಸೆಲ್‌ಗಳು ಆಗ ಧಾರಾಳವಾಗಿ ಸಿಗುತ್ತವೆ. ಮುಂಚೆ ನೋಡಿದರೆ ಬೆರಳೆಣಿಕೆಯಷ್ಟು. ಎರಡು ದಿನ ತಡವಾದರೆ ಮರಿ ಹುಟ್ಟಿಯೇ ಬಿಟ್ಟಿರುತ್ತದೆ.

"ಕೆಲವು ಸ್ತನ ಕ್ಯಾನ್ಸರ್‌ಗಳಲ್ಲಿ ಇಂಥವೇ ಗುಣ ಕಾಣಿಸುತ್ತೆ," ಎಂದು ಮೇಡಂ ಒಮ್ಮೆ ಬಿಡಿಸಿ ಹೇಳಿದ್ದರು. "ಹುಟ್ಟೋಕೆ ಮುಂಚಿನ ಬೆಳೆಯೋ ಆತುರ ಮತ್ತೆ ಎದ್ದ ಹಾಗೆ. ಮರಿಯಲ್ಲಾದ್ರೆ ಅದು ಸಾಕು ಅನ್ನುವಾಗ ನಿಲ್ಲುತ್ತೆ. ಇಲ್ಲಿ ನಿಲ್ಲಲ್ಲ."

ಅವನು ತಲೆಯಾಡಿಸಿ ಮುಂದಿನ ಗೂಡಿಗೆ ಹೋಗಿದ್ದ. ಅದು ಅವರ ತಲೆನೋವು, ತನ್ನದೇನಿದ್ದರೂ ತಾರೀಕು.

ಈಗ ಅದೇ ಮಾತು ಅವನನ್ನು ಕೂರಲೂ ಬಿಡುತ್ತಿಲ್ಲ. ಮೊನ್ನೆ ಹೆಂಡತಿ ಬಟ್ಟೆ ಮಡಿಸುತ್ತ, ಪಕ್ಕದ ಮನೆ ಸುದ್ದಿ ಹೇಳುವಷ್ಟೇ ಸಲೀಸಾಗಿ, ಎದೆಯಲ್ಲೊಂದು ಗಂಟಿದೆ, ಸೂಜಿ ಹಾಕಿ ಪರೀಕ್ಷೆ ಮಾಡಬೇಕಂತೆ ಎಂದಿದ್ದಳು. ಅವನು ಕೇಳಿದ್ದು ಒಂದೇ ಮಾತು: "ಯಾವತ್ತು?" ನಾಳೆ ಬೆಳಗ್ಗೆ ಒಂಬತ್ತಕ್ಕೆ. ಏಳನೆಯ ಗೂಡಿಗೆ ಹದಿನೆಂಟು ತುಂಬುವುದೂ ನಾಳೆಯೇ.

ಸಂಜೆಯಿಂದ ನಡುಮನೆಗೂ ಅಡುಗೆಮನೆಗೂ ಶತಪಥ ಹಾಕುತ್ತಿದ್ದ. ಬಿಗಿಯಾಗಿಯೇ ಇದ್ದ ನಲ್ಲಿಯನ್ನು ಮೂರು ಸಲ ಬಿಗಿ ಮಾಡಿದ.

"ಕೂತ್ಕೊಳ್ಳಿ, ನೆಲ ಸವೆದು ಕೆಳಮನೆಯವರ ತಲೆ ಮೇಲೆ ಬಿದ್ದೀರಿ," ಎಂದಳು ಬಟ್ಟೆ ಮಡಿಸುತ್ತ ಕೂತಿದ್ದ ಹೆಂಡತಿ. "ನಾಳೆ ನಾನೊಬ್ಳೇ ಹೋಗಿ ಬರ್ತೀನಿ. ನಿಮ್ಮ ಇಲಿ ಕಾಯಲ್ಲ."

ಅವನು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತ. ಆಗ ಕಂಡಿತು, ದಿನಕ್ಕೊಂದರಂತೆ ಪೆನ್ಸಿಲ್ ಚುಕ್ಕೆ. ಹಿಂದಿನ ಹಾಳೆಯಲ್ಲೂ ಇದ್ದವು. ಎಣಿಸಿದ. ನಲವತ್ತೊಂದು. ದಿನಾ ಚಹಾ ಹಿಡಿದು ಅದೇ ಗೋಡೆಗೆ ಮುಖಮಾಡಿ ನಿಲ್ಲುವ ಮಹಾನುಭಾವ ಅವನು.

"ಇದೇನಿದು?"

"ಗಂಟು ಕೈಗೆ ಸಿಕ್ಕ ದಿನದಿಂದ ಇಡ್ತಿದೀನಿ. ನೀವು ಚೀಟೀಲಿ ಬರೀತೀರಲ್ಲ, ಹಾಗೆ." ಮಡಿಸಿದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಿಸಿದಳು. "ನೀವಾಗೇ ಕೇಳಿದ ದಿನ ಹೇಳೋಣ ಅಂತಿದ್ದೆ. ಕೊನೆಗೆ ನಂಗೇ ಭಯ ಆಗಿ ಡಾಕ್ಟರ ಹತ್ರ ಹೋದೆ."

ಅವನಿಗೆ ತನ್ನ ಮೇಲೇ ಅಸಹ್ಯ ಹುಟ್ಟಿತು. ಫೋನ್ ತೆಗೆದ.

"ಮೇಡಂ, ನಾಳೆ ನಾನು ಬರಲ್ಲ."

"ನಾಳೆ ಹದಿನೆಂಟಲ್ವಾ?"

"ಹೌದು. ಚೀಟೀಲಿ ಎಲ್ಲ ಬರೆದಿದೆ. ಗೂಡು ನೀವೇ ತೆಗೀರಿ."

ಫೋನ್ ಇಟ್ಟ ಮೇಲೂ ಕಾಲು ನಿಲ್ಲಲೊಲ್ಲದು. ಕ್ಯಾಲೆಂಡರಿಗೆ ಕಟ್ಟಿದ್ದ ಪೆನ್ಸಿಲ್ ಹಿಡಿದ. ಇಂದಿನ ತಾರೀಕಿನ ಮನೆ ಇನ್ನೂ ಖಾಲಿಯಿತ್ತು. ಚುಕ್ಕೆ ಇಡಹೋದ, ಅದು ಗೀರಾಯಿತು.

"ನೋಯುತ್ತಾ?" ಎಂದು ಕೇಳಿದ.

ಹೆಂಡತಿ ಅಂಗಿಯನ್ನು ಕೆಳಗಿಟ್ಟಳು. ನಲವತ್ತೆರಡು ದಿನದಲ್ಲಿ ಮೊದಲ ಸಲ, ಅವನ ಎದುರು, ಜೋರಾಗಿ ಅತ್ತಳು.