ಮೂರು ಸಲ ಹೆಸರಿಟ್ಟ ಊರಿಗೊಂದು ತೊಟ್ಟಿಲು

ನನ್ನ ಮೊಮ್ಮಗಳು ಮನೆಯಲ್ಲಿ ಗಿಳಿ, ಶಾಲೆಯಲ್ಲಿ ಕಲ್ಲು. ನಾನು ಅಮೆರಿಕದ ಎಲಿಕಾಟ್ ಸಿಟಿಯ ಮಗಳ ಮನೆಗೆ ಹೋದ ವರ್ಷ ಅವಳು ಮೂರನೆಯ ಇಯತ್ತೆಯಲ್ಲಿದ್ದಳು. ಅಲ್ಲಿಯ ತನಕ ಕ್ಲಾಸಿನಲ್ಲಿ ಒಂದು ಮಾತೂ ಆಡಿದವಳಲ್ಲ. ಶುಕ್ರವಾರ ತನ್ನ ಪ್ರಾಜೆಕ್ಟ್ ಬಗ್ಗೆ ನಾಲ್ಕು ಮಾತಾದರೂ ಆಡಲಿ ಎಂದು ಟೀಚರ್ ಹೇಳಿ ಕಳಿಸಿದ್ದರು. ಆ ಚಿಂತೆಯಲ್ಲಿ ನನ್ನ ಮಗಳಿಗೆ ಊಟ ಸೇರುತ್ತಿರಲಿಲ್ಲ.

ಡಚ್ಚರು ಕಟ್ಟಿದ ನ್ಯೂ ಆಮ್‌ಸ್ಟರ್‌ಡ್ಯಾಮ್ ಎಂಬ ಊರು ನ್ಯೂಯಾರ್ಕ್ ಆದದ್ದು ಹೇಗೆ ಎಂಬುದೇ ಪ್ರಾಜೆಕ್ಟ್. ಸೀರಿಯಲ್ ಡಬ್ಬಿ ಕತ್ತರಿಸಿ ಊರು ಮಾಡಿದ್ದಳು: ಕೋಟೆ, ಗಾಳಿಗಿರಣಿ, ಮರದ ಕಾಲಿನ ಒಬ್ಬ ಗವರ್ನರ್.

"ಅಜ್ಜಿ, ಇಂಗ್ಲಿಷ್ ಶಿಪ್ಸ್ ಬಂತು. ಲೆಟರ್ ಕಳ್ಸಿದ್ರು. ಗವರ್ನರ್‌ಗೆ ಕೋಪ ಬಂತು, ಲೆಟರ್ ಹರಿದ. ಜನ ಪೀಸಸ್ ಎಲ್ಲಾ ಜೋಡಿಸಿ ಓದಿದ್ರು. ಫೈಟ್ ಬೇಡ ಅಂದ್ರು. ಸೋ, ನ್ಯೂಯಾರ್ಕ್! ಕಿಂಗ್‌ನ ಬ್ರದರ್ ಹೆಸರು."

"ಹೆಸರು ಇಟ್ಟವರ‍್ಯಾರವ್ವಾ? ಸೋದರತ್ತಿ ಬಂದಿದ್ಲೇನು?"

"ನೋ ಅಜ್ಜಿ, ಸೋಲ್ಜರ್ಸ್."

"ತೊಟ್ಟಿಲರ ಕಟ್ಟಿದ್ರೇನು?"

"ಇಲ್ಲ."

"ಗುಗ್ಗರಿನೂ ಹಂಚಿಲ್ಲಾ? ಹಂಗಾದ್ರ ಆ ಹೆಸರು ನಿಲ್ಲೂದಿಲ್ಲ ಬಿಡು."

ಅವಳು ಕಣ್ಣರಳಿಸಿದಳು. "ಅಜ್ಜಿ, ನಿಂಗೆ ಹೇಗೆ ಗೊತ್ತು? ಡಚ್ ಮತ್ತೆ ಬಂದ್ರು! ನ್ಯೂ ಆರೆಂಜ್ ಅಂತ ಮಾಡಿದ್ರು. ಆಮೇಲೆ ಮತ್ತೆ ನ್ಯೂಯಾರ್ಕ್!"

ನಾನು ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಆದರೂ ಇಷ್ಟು ತಿಳಿಯದೇ? ಅವತ್ತೇ ಶಾಸ್ತ್ರ ಮಾಡಿಬಿಡೋಣ ಎಂದೆ. ಒಗೆಯುವ ಬಟ್ಟೆಯ ಬುಟ್ಟಿಯಲ್ಲಿ ಇಳಕಲ್ ಸೀರೆ ಹಾಸಿ ಊರನ್ನು ಮಲಗಿಸಿದೆವು. ಕೋಟೆ ಅಂಗಾತ, ಗಾಳಿಗಿರಣಿಯ ತಲೆಗೆ ಕೂಸಿನ ಕುಂಚಿಗೆ. ನಮ್ಮ ಕಡೆ ಸೋದರತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಹೇಳುವಾಗ ಹಿಂದಿನ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಮೊಮ್ಮಗಳೇ ಸೋದರತ್ತೆ, ಗುದ್ದುವವಳು ನಾನು. ಪಿಸುಗುಟ್ಟಿದಳು, ಗುದ್ದಿದೆ. ಮತ್ತೊಂದು ಗುದ್ದಿಗೆ ಕೂಗಿಯೇಬಿಟ್ಟಳು. ನಕ್ಕು ನಕ್ಕು ಇಬ್ಬರೂ ಕಾರ್ಪೆಟ್ ಮೇಲೆ ಬಿದ್ದೆವು.

ಶುಕ್ರವಾರ ಬುಟ್ಟಿ, ಸೀರೆ, ಸ್ಟೀಲ್ ಡಬ್ಬಿಯ ತುಂಬ ಬೇಯಿಸಿದ ಕಡಲೆಯ ಗುಗ್ಗರಿಯೊಂದಿಗೆ ನಾನೂ ಮಗಳೂ ಶಾಲೆಗೆ ಹೋದೆವು. ಮೊಮ್ಮಗಳು ಬುಟ್ಟಿಯ ಮುಂದೆ ನಿಂತಳು. ನಿಂತೇ ಇದ್ದಳು. ಕಲ್ಲು. ಮಕ್ಕಳು ಪಿಸಪಿಸ ಎಂದವು. ಟೀಚರ್, "ಇಟ್ಸ್ ಓಕೆ, ಸ್ವೀಟೀ," ಎಂದು ಅವಳನ್ನು ಕೂರಿಸಲು ಹೊರಟರು. ನಾನು ಎದ್ದು ಅವಳ ಹಿಂದೆ ನಿಂತೆ, ಕೈ ಎತ್ತಿದೆ. ಟೀಚರ್ ಹೌಹಾರಿ, "ಮ್ಯಾಮ್! ನೋ ಹಿಟ್ಟಿಂಗ್! ಪ್ಲೀಸ್!" ಎಂದು ಓಡಿಬಂದರು. ಕೈ ಮೇಲೆಯೇ ನಿಂತಿತು. ಮಗಳು ಮುಖ ಮುಚ್ಚಿಕೊಂಡಳು.

ಆಗ ಮೊಮ್ಮಗಳು ಬುಟ್ಟಿಗೆ ಬಗ್ಗಿ, ಇಡೀ ಕ್ಲಾಸಿಗೆ ಕೇಳುವಂತೆ ಅಂದಳು: "ಅಜ್ಜಿ, ಹೊಡಿ!"

ಆ ಕ್ಲಾಸಿನಲ್ಲಿ ಅವಳಾಡಿದ ಮೊದಲ ಮಾತು ಅದು, ಅದೂ ಕನ್ನಡ! ಹೂವಿನಷ್ಟು ಮೆಲ್ಲಗೆ ಒಂದು ಗುದ್ದು ಕೊಟ್ಟೆ. "ಕುರ್ರ್! ನ್ಯೂಯಾರ್ಕ್!" ಎಂದು ಕೂಗಿದವಳು ನಿಲ್ಲಲೇ ಇಲ್ಲ. ಹಡಗು, ಹರಿದ ಪತ್ರ, ಮರದ ಕಾಲು, ತೊಟ್ಟಿಲಿಲ್ಲದೆ ಕೆಟ್ಟುಹೋದ ಹೆಸರು, ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ನನಗೆ ಅರ್ಧ ತಿಳಿಯಲಿಲ್ಲ, ಕಣ್ಣು ತುಂಬಿ ಉಳಿದರ್ಧ ಕಾಣಲಿಲ್ಲ.

ಕೇಳಿ ಮುಗಿಸಿದ ಟೀಚರ್ ಏನೋ ಅಂದರು. "ಅವರೂ ಟ್ರೈ ಮಾಡ್ತಾರಂತೆ ಅವ್ವಾ," ಎಂದಳು ಮಗಳು, ಮುಖದಿಂದ ಕೈ ತೆಗೆಯುತ್ತ. ಅಷ್ಟೆತ್ತರದ ಆ ಹೆಂಗಸು ಮೊಣಕಾಲೂರಿ ಬುಟ್ಟಿಗೆ ಬಗ್ಗಿ "ಕುರ್ರ್" ಎಂದರು. ಮಕ್ಕಳೆಲ್ಲ ಸಾಲಾಗಿ ಅವರ ಬೆನ್ನಿಗೆ ಗುದ್ದಿದವು, ಗುಗ್ಗರಿ ತಿಂದವು. ಪಕ್ಕದಲ್ಲಿ ನಿಂತು ನನ್ನ ಕಲ್ಲು ಅಧಿಕಾರ ನಡೆಸುತ್ತಿತ್ತು: "ಜೋರಾಗಿ! ಲೌಡರ್! ಒನ್ ಮೋರ್ ಟೈಮ್!"

ಇನ್ನು ಆ ಊರಿನ ಹೆಸರು ಕದಲುವುದಿಲ್ಲ. ಶಾಸ್ತ್ರ ಮುಗಿದಿದೆ.