ಮೂವತ್ತು ಸಾವಿರದ ಇಪ್ಪತ್ತೊಂಬತ್ತು

1989ರಲ್ಲಿ, ಏಳನೇ ಇಯತ್ತೆ ಮುಗಿಸಿ ನಾನು ಸಾಲಿ ಬಿಟ್ಟೆ. ಗಣಿತದಲ್ಲಿ ಯಾರಿಗೂ ಕಮ್ಮಿ ಇರಲಿಲ್ಲ. ಮನೆಗೆ ಹೆಗಲು ಬೇಕಾಗಿತ್ತು. ಅವತ್ತಿನಿಂದ ಬೈಲಹೊಂಗಲ ಪ್ಯಾಟಿಯಲ್ಲಿ ಹಮಾಲಿ. ಚೀಲ ಹೊತ್ತೆ, ಕಾಳು ಅಳೆದೆ, ಯಾರ ಮುಂದೂ ಕೈ ಚಾಚಲಿಲ್ಲ. ಅಳೆಯುವಾಗ ನಮ್ಮಲ್ಲಿ ‘ಒಂದು’ ಅನ್ನೋದಿಲ್ಲ. ಮೊದಲನೇ ಸೇರಿಗೆ ‘ಲಾಭ’ ಅಂತೀವಿ, ಆಮೇಲೆ ಎರಡು, ಮೂರು.

ಹೋದ ವರ್ಷ ಹೆಂಡತಿ ಬಚ್ಚಲ ಮುಂದೆ ಕುಸಿದು ಬಿದ್ದಳು. ತಲೆಯೊಳಗೆ ರಕ್ತನಾಳ ಒಡೆದಿತ್ತು. ಆಸ್ಪತ್ರೆಯಲ್ಲಿ ಒಳಗೆ ಒಯ್ದು ಬಾಗಿಲು ಹಾಕಿದರು. “ಸಂಜೀಮಟಾ ನೋಡೂಣ್ರಿ” ಅಂದರು ಡಾಕ್ಟರು. ನಮಗೆ ಮಕ್ಕಳಿಲ್ಲ. ನನ್ನ ಕೈಯಲ್ಲಿ ಉಳಿದದ್ದು ಅವಳ ನಂಬರಿನ ಚೀಟಿ: 30029.

ಇಂಥ ಹೊತ್ತಿನಲ್ಲಿ ಅವಳಾಗಿದ್ದರೆ ದೇವರಿಗೆ ಹೂ ಕೇಳುತ್ತಿದ್ದಳು. ಬಲಕ್ಕೆ ಬಿದ್ದರೆ ಆಯಿತು ಅಂತ. ನಾನು ನಗುತ್ತಿದ್ದೆ. ಅವತ್ತು ನಾನು ಅಂಕಿಯನ್ನು ಕೇಳಿದೆ: ಇದು ಯಾವುದರಿಂದಲಾದರೂ ಭಾಗ ಹೋದರೆ ಅವಳು ಬದುಕತಾಳ.

ಚೀಟಿಯ ಹಿಂದೆ ಭಾಗಿಸಿದೆ. ಎರಡಕ್ಕೆ ಒಂದು ಕಮ್ಮಿ ಬಿತ್ತು. ಮೂರಕ್ಕೂ ಒಂದು ಕಮ್ಮಿ. ಐದಕ್ಕೆ, ಏಳಕ್ಕೆ, ಹನ್ನೊಂದಕ್ಕೆ, ಹದಿಮೂರಕ್ಕೆ, ಅದೇ ಒಂದು ಕಮ್ಮಿ.

ಬಾಜೂಕ್ಕೆ ಉಗರಗೋಳದ ಮುದುಕಿ ಕುಂತಿದ್ದಳು. ಮೊಮ್ಮಗಳ ಹೆರಿಗೆಗೆ ಬಂದು, ನಮ್ಮ ಹಿಂದೆಯೇ ಚೀಟಿ ಮಾಡಿಸಿದವಳು. ನಾನು ಪ್ಯಾಟಿ ಹಮಾಲ ಅಂತ ಆಗಲೇ ಕೇಳಿ ತಿಳಿದಿದ್ದಳು.

“ಏನ್ ಗೀಚಾಕತ್ತೀಯೋ ತಮ್ಮಾ?”

ಹೇಳಿದೆ.

“ಹೂ ಕೇಳಿದಂಗ ಆತು ಬಿಡು. ನಂದೂ ಕೇಳಿ ಹೇಳಪಾ.”

ಅವಳದು 30030. ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು, ಕೇಳಿದ್ದಕ್ಕೆಲ್ಲ ಹೂಂ ಅಂತು. ಹೊಟ್ಟೆ ಉರಿಯಿತು ನನಗೆ. ಸ್ವಲ್ಪ ಹೊತ್ತಿಗೆ ನರ್ಸ್ ಬಂದು, “ಹೆಣ್ಣ ಐತ್ರಿ ಆಯಿ, ಇಬ್ರೂ ಅರಾಮ” ಅಂದಳು.

ಮುದುಕಿ ಎದ್ದವಳು ಹೋಗಲಿಲ್ಲ. “ನಿಂದು ಒಂದರಿಂದರ ಹೋಗತೈತಲ್ಲೋ?”

“ಒಂದರಿಂದ ಎಲ್ಲಾವೂ ಹೋಗತಾವ್ರಿ ಆಯಿ. ಅದನ್ನ ಹಿಡಿಯಂಗಿಲ್ಲ.”

“ಪ್ಯಾಟ್ಯಾಗ ದುಡದು ಲಾಭಾನ ಬಿಡತೀಯಲ್ಲೋ ಹುಚ್ಚಾ!”

ನಗು ಬಂತು, ಅದರ ಬೆನ್ನಿಗೆ ಅಳು. ಆದರೂ ಹಿಡಿಯಲಿಲ್ಲ. ಸುಳ್ಳು ಅಳತೆ ಮಾಡಿ ಗೊತ್ತಿಲ್ಲ ನನಗೆ.

ಹದಿನೇಳು, ಹತ್ತೊಂಬತ್ತು, ಇಪ್ಪತ್ತಮೂರು... ಹೀಗೇ ಮುಂದೆ ಹೋದೆ. ಯಾವ ಅಂಕಿಯನ್ನು ಅದರಿಂದಲೇ ಗುಣಿಸಿದರೆ ನಿನ್ನ ಸಂಖ್ಯೆ ದಾಟುತ್ತದೋ ಅಲ್ಲಿಗೆ ನಿಲ್ಲು, ಅಷ್ಟರೊಳಗೆ ಸಿಗದಿದ್ದರೆ ಮುಂದೆಯೂ ಸಿಗೋದಿಲ್ಲ ಅಂತ ಸಾಲಿಯಲ್ಲಿ ಮಾಸ್ತರರು ಕಲಿಸಿದ್ದರು. ನನ್ನ ಸಂಖ್ಯೆಗೆ ನೂರಾ ಎಪ್ಪತ್ತಮೂರೇ ಕಡೆಯದು. ಭಾಗಿಸಿದೆ. ನೂರು ಉಳಿಯಿತು.

ಚೀಟಿಯಲ್ಲಿ ಜಾಗ ಇರಲಿಲ್ಲ. ಅಂಗೈ ಮೇಲೆ ಮುಂದಿನದನ್ನು ಬರೆದೆ. ಸಿಗೋದಿಲ್ಲ ಅಂತ ಗೊತ್ತಿತ್ತು. ಪೆನ್ನು ನಿಲ್ಲಿಸಿದರೆ ಅವಳ ಕೈ ಬಿಟ್ಟಂಗ ಅನಿಸುತ್ತಿತ್ತು. ನೂರಾ ತೊಂಬತ್ತೇಳಕ್ಕೆ ಬಂದಿದ್ದೆ, ಬಾಗಿಲು ತೆರೆಯಿತು.

“ಉಳೀಲಿಲ್ರಿ” ಅಂದರು ಡಾಕ್ಟರು.

ಈಗ ನನ್ನ ಹತ್ತಿರ ಇರೋದು ಇಷ್ಟು. ಕೋಣೆ ಮೂರು. ಎಮ್ಮೆ ಎರಡು. ಅವಳ ಇಳಕಲ್ಲ ಸೀರೆ ನಾಲ್ಕು. ತಾಟು ಆರು. ಉಣ್ಣುವ ಬಾಯಿ, ಲಾಭ.